ಮೊಣಗಂಟಿನ ಜೋಪಾನ



ಗೊಬ್ಬರದ ವಿಚಾರ, ತಳಿಯ ವಿಚಾರ, ಗೇರುಹೂವನ್ನು ಕರಟಿಸುವ ಟೀ ಸೊಳ್ಳೆಯ ವಿಚಾರ ನಾವು ಎಷ್ಟೋ ಸಲ ಮಾತಾಡಿದ್ದುಂಟು. ಈ ಹೊತ್ತು ನಾನು ಹೇಳಹೊರಟದ್ದು ಮರಕ್ಕೆ ಬರುವ ರೋಗವನ್ನಲ್ಲ. ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೀಜ ಹೆಕ್ಕುವವರಿಗೆ ಬರುವ ಕಷ್ಟವನ್ನು. ಮೊಣಗಂಟು ನೋವು. ಇದೇನು ಮಹಾ, ಎಲ್ಲರಿಗೂ ಇರುವುದೇ ಎಂದು ನೀವು ಹೇಳಬಹುದು. ಎಲ್ಲರಿಗೂ ಇದೆ ಎಂಬುದಕ್ಕಾಗಿಯೇ ಅದರ ಮಾತು ಎತ್ತಬೇಕಾಗಿದೆ.

ಗೇರು ನಮ್ಮ ನೆಲದ್ದಲ್ಲ, ಬ್ರೆಜಿಲ್ ದೇಶದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು. ಅದೇ ಪೋರ್ಚುಗೀಸರೊಡನೆ ಉಳ್ಳಾಲದ ರಾಣಿ ಅಬ್ಬಕ್ಕ ಹೋರಾಡಿದಳು. ಅವರು ಹೋದರು, ಅವರ ಮರ ಮಾತ್ರ ನಮ್ಮ ಗುಡ್ಡೆಗಳಲ್ಲಿ ಉಳಿಯಿತು. 1953ರಲ್ಲಿ ಉಳ್ಳಾಲದಲ್ಲಿಯೇ ಗೇರು ಸಂಶೋಧನೆಯ ಕೇಂದ್ರ ಆರಂಭವಾಯಿತು. ಉಳ್ಳಾಲ-1, ಉಳ್ಳಾಲ-2 ಮುಂತಾದ ತಳಿಗಳು ಅಲ್ಲಿಂದ ಬಂದವು. ಮರ ಸುಧಾರಿಸಿತು, ಫಸಲು ಹೆಚ್ಚಿತು. ಹೆಕ್ಕುವ ಕ್ರಮ ಮಾತ್ರ ಅಜ್ಜಿಯ ಕಾಲದ್ದೇ.

ಒಂದು ಲೆಕ್ಕ ಹಾಕಿ ನೋಡಿ. ಬೀಜವೊಂದು ಆರೇಳು ಗ್ರಾಂ ತೂಗುತ್ತದೆ. ಕಿಲೋಗೆ ಸುಮಾರು 150 ಬೀಜ. ಒಂದು ಮರ ಹಂಗಾಮಿಗೆ ಹತ್ತು ಕಿಲೋ ಕೊಟ್ಟಿತೆನ್ನಿ, 1,500 ಬೀಜವಾಯಿತು. ಇಪ್ಪತ್ತು ಮರವಿದ್ದ ಮನೆಯಲ್ಲಿ 30,000. ಫೆಬ್ರವರಿಯಿಂದ ಮೇ ತನಕ ಇಷ್ಟನ್ನೂ ಯಾರೋ ಒಬ್ಬರು ನೆಲದಿಂದ ಒಂದೊಂದಾಗಿ ಹೆಕ್ಕಿ, ಹಣ್ಣು ತಿರುಚಿ ಬೇರ್ಪಡಿಸಬೇಕು. ಆ ಯಾರೋ ಒಬ್ಬರು ಸಾಮಾನ್ಯವಾಗಿ ಮನೆಯ ತಾಯಿ, ಇಲ್ಲವೆ ಅಜ್ಜಿ. ಹೆಕ್ಕುವುದು ಹಗುರದ ಕೆಲಸ, ಮುದುಕಿಯೂ ಮಾಡಿಯಾಳು ಎನ್ನುತ್ತೇವಷ್ಟೆ. ಕೈಗೆ ಹಗುರ, ಹೌದು. ಮೊಣಗಂಟಿಗೆ ಅಲ್ಲ.

ಯಾಕೆ ಅಲ್ಲ ಎಂಬುದನ್ನು ಸ್ವಲ್ಪ ತಿಳಿಯೋಣ. ತೊಡೆಯ ಮೂಳೆ, ಕಾಲಿನ ಮೂಳೆ ಕೂಡುವಲ್ಲಿ ಎದುರಿಗೆ ಒಂದು ಚಿಪ್ಪು ಇದೆ. ಮೂಳೆಗಳ ತುದಿಗೆ ನುಣುಪಾದ ಮೆದುಮೂಳೆಯ ಹೊದಿಕೆ, ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆ. ಕಾಲು ನೀಡಿ ಕೂತಾಗ ಇವಕ್ಕೆ ಭಾರವಿಲ್ಲ. ಪೂರ್ತಿ ಮಡಚಿ ಕುಕ್ಕರಿಸಿದಾಗ ಚಿಪ್ಪು ತೊಡೆಯ ಮೂಳೆಗೆ ಒತ್ತಿಕೊಳ್ಳುತ್ತದೆ. ಆ ಒತ್ತಡ ಮೈತೂಕದ ಹಲವು ಪಟ್ಟು ಆಗುತ್ತದೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ಹೊದಿಕೆ ಸವೆಯುತ್ತದೆ. ಸವೆದ ಹೊದಿಕೆ ಮೊದಲಿನಂತೆ ಬೆಳೆಯುವುದಿಲ್ಲ ಮಾರಾಯ್ರೆ, ಗದ್ದೆಯ ಬದುವಾದರೆ ಮಣ್ಣು ಹಾಕಿ ಕಟ್ಟಬಹುದಿತ್ತು.

ಇನ್ನು ನೆಲಕ್ಕೆ ಮಂಡಿಯೂರಿದರೆ ಬೇರೆ ತೊಂದರೆ. ಚಿಪ್ಪಿನ ಎದುರು, ಚರ್ಮದ ಅಡಿಯಲ್ಲಿ, ಒಂದು ತೆಳ್ಳನೆಯ ಚೀಲವಿದೆ. ಚರ್ಮ ಮೂಳೆಯ ಮೇಲೆ ಜಾರಲಿಕ್ಕೆ ಅದರೊಳಗೆ ತುಸು ನೀರಿನಂಥ ದ್ರವ. ಮುರಕಲ್ಲಿನ ಜಲ್ಲಿಯ ಮೇಲೆ ದಿನವಿಡೀ ಮಂಡಿ ಒತ್ತಿದರೆ ಈ ಚೀಲ ಕೆರಳಿ, ಕೋಳಿಮೊಟ್ಟೆಯ ಹಾಗೆ ಊದಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಮನೆಗೆಲಸದವಳ ಮೊಣಕಾಲು ಎಂದೇ ಹೆಸರಿತ್ತು, ಮಂಡಿಯೂರಿ ನೆಲ ತಿಕ್ಕುವ ಹೆಂಗಸರಿಗೆ ಬರುತ್ತಿದ್ದುದರಿಂದ. ಅಲ್ಲಿನ ತಗ್ಗು ಗಣಿಗಳಲ್ಲಿ ಮೊಣಕಾಲೂರಿ ಕಲ್ಲಿದ್ದಲು ಅಗೆಯುತ್ತಿದ್ದವರಿಗೂ ಇದೇ ಕಾಟ.

ಮೂರನೆಯದೊಂದುಂಟು, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಮೊಣಗಂಟಿನ ಕೆಳಗೆ, ಹೊರಮಗ್ಗುಲಲ್ಲಿ, ಒಂದು ಮೂಳೆಯ ಗುಬುಟು ಕೈಗೆ ಸಿಗುತ್ತದೆ. ಈಗಲೇ ಮುಟ್ಟಿ ನೋಡಿ. ಅದನ್ನು ಬಳಸಿಕೊಂಡು ಒಂದು ನರ ಪಾದಕ್ಕೆ ಇಳಿಯುತ್ತದೆ. ತಾಸುಗಟ್ಟಲೆ ಕುಕ್ಕರಗಾಲಲ್ಲಿ ಕೂತರೆ ಅದು ಅಮುಕಿಹೋಗುತ್ತದೆ. ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಎದ್ದು ನಡೆದರೆ ಪಾದದ ಮುಂಭಾಗ ಮೇಲೆ ಏಳುವುದಿಲ್ಲ, ಚಪ್ಪಲಿ ನೆಲಕ್ಕೆ ಎಡವುತ್ತದೆ. ಪರದೇಶಗಳಲ್ಲಿ ಸ್ಟ್ರಾಬೆರಿ ಹಣ್ಣು ಕೊಯ್ಯುವವರಲ್ಲಿ ಇದನ್ನು ಕಂಡು, ಆ ಹಣ್ಣಿನ ಹೆಸರಿನಲ್ಲೇ ಇದನ್ನು ಕರೆದರು. ನಮ್ಮ ಗೇರು ಹೆಕ್ಕುವವರೂ ಕೂರುವುದು ಹಾಗೆಯೇ ಅಲ್ಲವೆ?

ಹಾಗಾದರೆ ಎಂತ ಮಾಡುವುದು? ಕೆಲಸ ಬಿಡಿ ಎಂದು ಹೇಳಲಿಕ್ಕೆ ನಾನು ಬಂದವನಲ್ಲ. ಕೆಲಸವನ್ನು ನೆಲದಿಂದ ಮೇಲಕ್ಕೆ ಎತ್ತಬೇಕು, ಅಷ್ಟೆ.

ಡಿಸೆಂಬರ್–ಜನವರಿಯಲ್ಲಿಯೇ ಮರದ ಬುಡದ ಪೊದೆ ಸವರಿ, ತರಗೆಲೆ ಗುಡಿಸಿ ನೆಲ ಚೊಕ್ಕ ಮಾಡಿಡಿ. ಚೊಕ್ಕ ನೆಲದಲ್ಲಿ ಬಿದ್ದ ಬೀಜ ನಿಂತಲ್ಲಿಂದಲೇ ಕಾಣುತ್ತದೆ. ಎಲೆಯೊಳಗೆ ಕೈಹಾಕಿ ತಡಕಾಡಬೇಕಾಗಿಲ್ಲ. ಹಿಡಿಸೂಡಿಯನ್ನು ಎದೆಮಟ್ಟದ ಬಿದಿರುಕೋಲಿಗೆ ಬಿಗಿದು, ನಿಂತುಕೊಂಡೇ ಹಣ್ಣುಗಳನ್ನು ಒಂದೆಡೆ ರಾಶಿ ಮಾಡಿ. ಆಮೇಲೆ ಬುಟ್ಟಿಗೆ ತುಂಬಿ, ಮನೆಯ ಜಗಲಿಗೆ ತಂದು, ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ಬೀಜ ತಿರುಚಬಹುದು. ಹೀಗೆ ಮಾಡಿದರೆ ಸಾವಿರ ಸಲ ಬಗ್ಗುವ ಕಡೆ ಹತ್ತಿಪ್ಪತ್ತು ಸಲ ಬಗ್ಗಿದರೆ ಸಾಕು. ಬುಟ್ಟಿ ಹೊರಲು ಮನೆಯ ಗಂಡಸರು ಕೈಕೊಟ್ಟರೆ ಏನೂ ನಷ್ಟವಿಲ್ಲ.

ಇನ್ನೊಂದು ಉಪಾಯ ಬಲೆ. ಉಳ್ಳಾಲದಲ್ಲಿ ಹಳೆ ಮೀನುಬಲೆಗೆ ಬರವೆ? ಕಡಲಕರೆಯಲ್ಲಿ ಕೇಳಿದರೆ ಸಿಗುತ್ತದೆ. ಸಣ್ಣ ಕಣ್ಣಿನ ಬಲೆಯನ್ನು ಮರದಡಿ ಹಾಸಿ, ಬಿದ್ದುದನ್ನು ಇಬ್ಬರು ನಾಲ್ಕು ಮೂಲೆ ಎತ್ತಿ ಒಟ್ಟುಮಾಡಬಹುದು. ಆದರೆ ರಾತ್ರಿ ಹಾಸಿಟ್ಟು ಬರಬೇಡಿ, ಹಾವು ಸಿಕ್ಕಿಕೊಂಡೀತು.

ಕೂರಲೇಬೇಕಾದ ಕೆಲಸಗಳೂ ಇವೆ. ಹರಿವೆ, ಸೌತೆಯ ಸಾಲಿನಲ್ಲಿ ಕಳೆ ಕೀಳುವುದು, ಅಂಗಳ ಕೆತ್ತಿ ಹಲಗೆಯಿಂದ ತಟ್ಟಿ ಸೆಗಣಿ ಸಾರಿಸುವುದು. ಅವಕ್ಕೆ ಒಂದು ಗೇಣು ಎತ್ತರದ ಮಣೆ ಇಟ್ಟುಕೊಳ್ಳಿ. ಮಣೆಯ ಮೇಲೆ ಕೂತರೆ ಮೊಣಗಂಟು ಪೂರ್ತಿ ಮಡಚುವುದಿಲ್ಲ, ಭಾರ ಮಣೆಗೆ ಹೋಗುತ್ತದೆ. ಬಡಗಿಯಿಂದ ಮಾಡಿಸಬೇಕೆಂದಿಲ್ಲ, ತೆಂಗಿನ ಬೊಡ್ಡೆಯ ಒಂದು ತುಂಡು ಸಾಕು.

ಮಂಡಿಯೂರುವವರಿಗೆ ದಿಂಬು ಬೇಕು. ಗೋಣಿಯನ್ನು ಒಂದು ಮೊಳ ಉದ್ದ, ಒಂದು ಗೇಣು ಅಗಲಕ್ಕೆ ಹೊಲಿದು, ಒಳಗೆ ತೆಂಗಿನ ನಾರನ್ನು ಬಿಡಿಸಿ ತುಂಬಿ. ಎರಡು ಬೆರಳು ದಪ್ಪ ಇರಲಿ, ಒತ್ತಿದಾಗ ಕೂಡ. ಹಸಿ ನೆಲವಾದರೆ ಅಡಿಗೆ ಒಂದು ಅಡಿಕೆಹಾಳೆ ಹಾಕಿ, ನೀರು ಏರುವುದಿಲ್ಲ. ನಾರು ಒದ್ದೆಯಾದರೆ ಗಂಟುಕಟ್ಟಿ ಗಟ್ಟಿಯಾಗುತ್ತದೆ, ಬಿಸಿಲಿಗೆ ಹಾಕಿ ಬಡಿದು ಸಡಿಲಿಸಬೇಕು. ಮೊಣಗಂಟಿಗೆ ಕಟ್ಟಿಕೊಳ್ಳುವ ಪಟ್ಟಿಗಳು ಅಂಗಡಿಯಲ್ಲೂ ಸಿಗುತ್ತವೆ. ಮನೆಯಲ್ಲಿ ಮಾಡುವುದಾದರೆ ಅಗಲದ ಬಟ್ಟೆಯ ಪಟ್ಟಿ ಹಾಕಿ. ಸಪುರ ಹಗ್ಗ ಕಟ್ಟಿ ಬಿಗಿದರೆ, ನಾನು ಮೊದಲು ಹೇಳಿದ ಆ ನರವನ್ನೇ ನೀವು ಅಮುಕಿದಂತಾಯಿತು. ಎರಡೂ ಮಂಡಿ ಊರುವ ಬದಲು ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು ಕೂರಿ, ಆಗಾಗ ಬದಲಿಸಿ.

ಗೇರು ತೋಟದಲ್ಲಿ ಬರಿ ಮಂಡಿ ಊರುವವರಿಗೆ ಇನ್ನೊಂದು ಎಚ್ಚರಿಕೆ: ಒಡೆದ ಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ತಗಲಿದರೆ ಕೂಡಲೆ ಸಾಬೂನು ನೀರಿನಿಂದ ತೊಳೆಯಿರಿ.

ಅಡಿಕೆ ಸುಲಿಯುವ ಮೆಟ್ಟುಕತ್ತಿ, ಅಡಿಗೆಮನೆಯ ಹೆರೆಮಣೆ, ಇವೆರಡನ್ನೂ ಬೆಂಚಿನ ಎತ್ತರಕ್ಕೆ ಏರಿಸಬಹುದು, ಅಲುಗಾಡದಂತೆ ಬಿಗಿದರೆ ಸರಿ. ಬೀಡಿ ಕಟ್ಟುವ ಅಕ್ಕಂದಿರೇ, ನೀವು ಗೋಡೆಗೆ ಬೆನ್ನು ಕೊಟ್ಟು ಕೂರಿ, ಒಂದೊಂದು ಕಾಲನ್ನು ಸರದಿಯಂತೆ ನೀಡಿಕೊಳ್ಳಿ.

ಎಷ್ಟು ಹೊತ್ತು ಕೂರಬಹುದು ಎಂದು ಕೇಳುತ್ತೀರಿ. ಗಡಿಯಾರ ನೋಡುವುದು ಬೇಡ. ಒಂದು ಮರದ ಬುಡ ಮುಗಿಯಿತೋ, ಎದ್ದು ನಿಂತು ಹತ್ತು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ. ಏಳುವಾಗ ಕೂತಲ್ಲಿಯೇ ಮೈ ತಿರುಚಿ ಏಳಬೇಡಿ. ಭಾರ ಬಿದ್ದ ಮೊಣಗಂಟು ತಿರುಚಿದರೆ ಒಳಗಿನ ಮೆತ್ತೆ ಹರಿಯುತ್ತದೆ. ಒಂದು ಪಾದ ಮುಂದಿಟ್ಟು, ಕೋಲಿಗೋ ತೊಡೆಗೋ ಕೈಯೂರಿ ನೇರವಾಗಿ ಏಳಿ. ರಾತ್ರಿ ಊಟಕ್ಕೆ ಮುಂಚೆ ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರಕ್ಕೆ ಎತ್ತಿ, ಐದು ಎಣಿಸುವ ತನಕ ಹಿಡಿದು ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಗಂಟಿನ ಮೇಲಿನ ಭಾರ ಹಗುರ.

ಈಗಾಗಲೇ ಬಾವು ಬಂದವರು ಕೆಲವು ದಿನ ಮಂಡಿಯೂರುವುದನ್ನು ನಿಲ್ಲಿಸಿ, ತಣ್ಣೀರಿನ ಬಟ್ಟೆ ಕಾಲು ತಾಸು ಇಡಿ. ಸೂಜಿ ಚುಚ್ಚಿ ನೀರು ತೆಗೆಯುವ ಧೈರ್ಯ ಯಾರೂ ಮಾಡಬೇಡಿ. ಬಾವು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಅದು ಕೀವಿನ ಗುರುತು. ಸಕ್ಕರೆ ಕಾಯಿಲೆಯವರಂತೂ ಒಂದು ದಿನವೂ ಕಾಯಬಾರದು. ಗಂಟು ನಡುವೆ ಸಿಕ್ಕಿಹಾಕಿಕೊಂಡು ನೀಡಲಿಕ್ಕೆ ಬಾರದಿದ್ದರೆ, ಪಾದ ಎತ್ತಲಾಗದೆ ಎಡವುತ್ತಿದ್ದರೆ, ಆಗಲೂ ವೈದ್ಯರೇ ನೋಡಬೇಕು. ನಮಗೆ ದೇರಳಕಟ್ಟೆಯಲ್ಲಿಯೇ ದೊಡ್ಡ ಆಸ್ಪತ್ರೆಗಳಿವೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ಹಂಗಾಮು ಪೂರ್ತಿ ನುಂಗುವ ಅಭ್ಯಾಸ ಕಂಡಿದ್ದೇನೆ. ಅದು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಮನೆಯ ಹಿರಿಯ ಹೆಂಗಸರು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಿನದ ಹೆಕ್ಕಾಣಿಕೆ ತಪ್ಪಿದರೆ ಮಳೆ ಬಿದ್ದು ಬೀಜ ಕಪ್ಪಾದೀತು, ಮಕ್ಕಳ ಶಾಲೆಯ ಖರ್ಚಿಗೆ ಕಡಿಮೆಯಾದೀತು ಎಂಬ ಚಿಂತೆ ಅವರಿಗೆ. ನೀವೇ ಗಮನಿಸಬೇಕು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆಯೆ? ನಮಾಜಿಗೆ ಕೂತವರು, ದೇವರಿಗೆ ಅಡ್ಡಬಿದ್ದವರು, ಇಗರ್ಜಿಯಲ್ಲಿ ಮೊಣಕಾಲೂರಿದವರು ಏಳಲು ತಡಮಾಡುತ್ತಾರೆಯೆ? ಅಷ್ಟು ಕಂಡರೆ ಸಾಕು, ಈ ವರ್ಷ ಅವರ ಕೈಗೆ ಕೋಲು ಬಿಗಿದ ಹಿಡಿಸೂಡಿ ಕೊಡಿ, ಜಗಲಿಯಲ್ಲಿ ಬೆಂಚು ಹಾಕಿ.

ದಿಂಬನ್ನೂ ಮಣೆಯನ್ನೂ ತೋಟದಲ್ಲಿಯೇ ಬಿಟ್ಟು ಬರುವವರು ಮರುದಿನ ಕೂರುವ ಮುಂಚೆ ಕೋಲಿನಿಂದ ಮಗುಚಿ, ಕೊಡವಿ ನೋಡಿ. ತರಗೆಲೆಯ ಚೇಳಿಗೂ ಮೆತ್ತನೆಯ ಜಾಗವೇ ಇಷ್ಟ.