ಸೇತುವೆಯ ಮೇಲಿನ ಸಾಧನೆ

ಕೀರ್ತಿ ಬಾರದೆ ಸೊರಗಿದ ಕಲಾವಿದರ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಕೀರ್ತಿ ಬಂದ ಮೇಲೆ ಅದರ ಅಮಲಿನಲ್ಲಿ ಕಲೆಯನ್ನೇ ಮರೆತವರೂ ಅಪರೂಪವಲ್ಲ. ಆದರೆ ತನಗೆ ಬಂದ ಕೀರ್ತಿಯನ್ನು ತನ್ನ ಕಲೆಯೊಡನೆ ತೂಗಿ ನೋಡಿ, ಕೀರ್ತಿಯ ತಟ್ಟೆಯೇ ಹೆಚ್ಚು ಭಾರವಾಯಿತೆಂದು ಕಂಡೊಡನೆ ವೇದಿಕೆಯಿಂದ ಇಳಿದುಹೋದವರು ತೀರ ವಿರಳ. ಅಮೆರಿಕದ ಜಾಝ್ ಸಂಗೀತಗಾರ ಸಾನಿ ರಾಲಿನ್ಸ್ ಅಂಥವರಲ್ಲಿ ಒಬ್ಬ. ಆತನ ವಾದ್ಯಜೀವನವನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ರಾಲಿನ್ಸ್ ನುಡಿಸಿದ ಸ್ಯಾಕ್ಸೋಫೋನ್ ನಮಗೆ ಅಪರಿಚಿತ ವಾದ್ಯವಲ್ಲ. ಕದ್ರಿ ಗೋಪಾಲನಾಥರು ಅದನ್ನು ನಮ್ಮ ಗಮಕಗಳಿಗೆ ಒಗ್ಗಿಸಿ ಕರ್ನಾಟಕ ಸಂಗೀತದ ಕಛೇರಿಗೆ ತಂದದ್ದನ್ನು ಬಲ್ಲೆವು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಮೈಯೆಲ್ಲ ಹಿತ್ತಾಳೆಯಾದರೂ ಇದರ ದನಿ ಹುಟ್ಟುವುದು ಬಾಯಲ್ಲಿ ಹಿಡಿಯುವ ತೆಳುವಾದ ರೀಡಿನಿಂದ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕರಿಯ ಜನರು ಈ ವಾದ್ಯಕ್ಕೆ ಮನುಷ್ಯಕಂಠದ ನಗು, ನಿಟ್ಟುಸಿರುಗಳನ್ನು ಕಲಿಸಿದರು. ಜಾಝ್ ಬಹುಮಟ್ಟಿಗೆ ಮನೋಧರ್ಮ ಸಂಗೀತ. ಪರಿಚಿತವಾದ ಹಾಡೊಂದರ ಮಟ್ಟನ್ನು ಮೊದಲು ನುಡಿಸಿ, ಆಮೇಲೆ ಅದರ ಅಡಿಯಲ್ಲಿ ಸರದಿಯಂತೆ ಬದಲಾಗುತ್ತ ಹೋಗುವ ಸ್ವರಮೇಳಗಳ ಮೇಲೆ ವಾದಕ ಆ ಕ್ಷಣದಲ್ಲಿ ಹೊಳೆದುದನ್ನು ಕಟ್ಟುತ್ತಾನೆ. ಒಂದೇ ಸಾಲನ್ನು ಹಿಡಿದು ನೆರವಲು ಬೆಳೆಸುವ ನಮ್ಮ ವಿದ್ವಾಂಸರನ್ನು ಕೇಳಿದವರಿಗೆ ಇದರ ಕಷ್ಟವೂ ಸುಖವೂ ಸುಲಭವಾಗಿ ತಿಳಿದೀತು.

ರಾಲಿನ್ಸ್ ಹುಟ್ಟಿದ್ದು 1930ರ ಸೆಪ್ಟೆಂಬರ್ 7ರಂದು, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ತಂದೆತಾಯಿಗಳು ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಿಂದ ಬಂದವರು. ಟೆನರ್ ಸ್ಯಾಕ್ಸೋಫೋನಿಗೆ ಜಾಝ್‌ನಲ್ಲಿ ಗೌರವ ತಂದ ಕೋಲ್ಮನ್ ಹಾಕಿನ್ಸ್ ಹುಡುಗನ ಆರಾಧ್ಯದೈವವಾಗಿದ್ದ. ಶಾಲೆಯ ದಿನಗಳಲ್ಲಿಯೇ ಪಿಯಾನೋ ವಾದಕ ಥೆಲೋನಿಯಸ್ ಮಂಕ್‌ನ ಮನೆಯಲ್ಲಿ ಅಭ್ಯಾಸಕ್ಕೆ ಕೂಡುವ ಭಾಗ್ಯವೂ ದೊರೆಯಿತು. ಇಷ್ಟು ಒಳ್ಳೆಯ ಆರಂಭ ಬೇಗನೆ ಕೆಟ್ಟಿತು. ಆ ಪೀಳಿಗೆಯ ಎಷ್ಟೋ ಸಂಗೀತಗಾರರನ್ನು ನುಂಗಿದ ಹೆರಾಯಿನ್ ಚಟ ಆತನನ್ನೂ ಹಿಡಿಯಿತು. 1950ರಲ್ಲಿ ಸಶಸ್ತ್ರ ದರೋಡೆಯ ಆರೋಪದ ಮೇಲೆ ಬಂಧನ, ಅನಂತರ ಸೆರೆವಾಸ.

1953ರ ಜನವರಿಯಲ್ಲಿ ಮೈಲ್ಸ್ ಡೇವಿಸ್‌ನ ಧ್ವನಿಮುದ್ರಣವೊಂದರಲ್ಲಿ ಆತ ಚಾರ್ಲಿ ಪಾರ್ಕರ್ ಜೊತೆ ನುಡಿಸಿದ. ಪಾರ್ಕರ್ ಆ ಕಾಲದ ತರುಣರಿಗೆಲ್ಲ ಗುರು. ಸ್ವತಃ ಅದೇ ಚಟದಲ್ಲಿ ಬೇಯುತ್ತಿದ್ದವನು. ತಾನು ಅದನ್ನು ಬಿಟ್ಟಿದ್ದೇನೆಂದು ರಾಲಿನ್ಸ್ ಸುಳ್ಳು ಹೇಳಿದ. ನಿಜ ತಿಳಿದಾಗ ಗುರುವಿನ ಮುಖದಲ್ಲಿ ಮೂಡಿದ ನೋವು ಶಿಷ್ಯನಿಗೆ ನಾಟಿತು. ಕೊನೆಗೆ ಆತ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಊರಿನ ಸರ್ಕಾರಿ ಆಸ್ಪತ್ರೆಗೆ ತಾನಾಗಿಯೇ ಸೇರಿ ಚಟದಿಂದ ಬಿಡುಗಡೆ ಪಡೆದ. ಆದರೆ ಆ ಸುದ್ದಿಯನ್ನು ಗುರುವಿಗೆ ಮುಟ್ಟಿಸುವ ಅವಕಾಶ ಒದಗಲಿಲ್ಲ. 1955ರ ಮಾರ್ಚಿನಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ ಪಾರ್ಕರ್ ತೀರಿಕೊಂಡ. ರಾಲಿನ್ಸ್ ಷಿಕಾಗೋ ನಗರದಲ್ಲಿ ಕಸ ಗುಡಿಸುವಂಥ ಕೂಲಿಕೆಲಸ ಮಾಡುತ್ತ, ಹಳೆಯ ಚಟ ನೆರಳಾಡುತ್ತಿದ್ದ ಸಂಗೀತದ ಮನೆಗಳಿಗೆ ಮರಳುವ ಧೈರ್ಯ ಬರುವವರೆಗೆ ಕಾದ.

ಆ ವರ್ಷದ ಕೊನೆಗೆ ಆತ ಮ್ಯಾಕ್ಸ್ ರೋಚ್ ಮತ್ತು ಕ್ಲಿಫರ್ಡ್ ಬ್ರೌನ್ ಇವರ ತಂಡವನ್ನು ಸೇರಿದ. ತುತ್ತೂರಿ ವಾದಕ ಬ್ರೌನ್ ನಿರ್ಮಲ ನಡತೆಯ ತರುಣ. ಒಳ್ಳೆಯವನಾಗಿದ್ದೂ ದೊಡ್ಡ ಜಾಝ್ ವಾದಕನಾಗಬಹುದೆಂಬುದಕ್ಕೆ ಕಣ್ಣೆದುರಿನ ಸಾಕ್ಷಿ. 1956ರ ಜೂನ್ 22ರಂದು ‘ಸ್ಯಾಕ್ಸೋಫೋನ್ ಕೊಲಾಸಸ್’ ಎಂಬ ಪ್ರಸಿದ್ಧ ಧ್ವನಿಮುದ್ರಣ ನಡೆಯಿತು. ಸರಿಯಾಗಿ ನಾಲ್ಕು ದಿನಗಳ ಮೇಲೆ ಬ್ರೌನ್ ಮೋಟಾರು ಅಪಘಾತದಲ್ಲಿ ಮಡಿದ. ಆಗ ಅವನಿಗೆ ಇಪ್ಪತ್ತೈದು ವರ್ಷ.

ಆ ಧ್ವನಿಮುದ್ರಿಕೆಯ ಮೊದಲ ರಚನೆ ‘ಸೇಂಟ್ ಥಾಮಸ್’ ತಾಯಿ ಹಾಡುತ್ತಿದ್ದ ದ್ವೀಪದ ಮಟ್ಟಿನಿಂದ ಹುಟ್ಟಿದ್ದು. ಕೊನೆಯದಾದ ‘ಬ್ಲೂ ಸೆವೆನ್’ ಕುರಿತು ವಿಮರ್ಶಕ ಗುಂಥರ್ ಷುಲರ್ 1958ರಲ್ಲಿ ದೀರ್ಘವಾದ ಲೇಖನ ಬರೆದು, ಒಂದು ಸಣ್ಣ ಸ್ವರಬೀಜದಿಂದ ಇಡೀ ವಾದನ ಹೇಗೆ ಬೆಳೆಯುತ್ತದೆಂದು ಬಿಡಿಸಿ ತೋರಿಸಿದ. ಹೊಗಳಿಕೆಯೇ ನಿಜ, ಆದರೆ ಅದನ್ನು ಓದಿದ ರಾಲಿನ್ಸ್‌ಗೆ ಇರುಸುಮುರುಸಾಯಿತು. ನುಡಿಸುವಾಗ ತಾನು ಅರಿಯದೆ ಮಾಡುವುದನ್ನು ಅರಿತು ಮಾಡಹೊರಟರೆ ಸಂಗೀತದ ಗತಿಯೇನು? ಅದೇ ವರ್ಷ ‘ಫ್ರೀಡಂ ಸ್ವೀಟ್’ ಹೊರಬಂತು. ಕರಿಯರ ಸಂಸ್ಕೃತಿಯಿಂದ ಬಾಳುತ್ತಿರುವ ಅಮೆರಿಕ ಆ ಕರಿಯರನ್ನೇ ಹಿಂಸಿಸುತ್ತಿದೆಯೆಂದು ಆತ ಅದರ ಹೊದಿಕೆಯ ಮೇಲೆ ಬರೆದ. ಕೆಲವೇ ಕಾಲದಲ್ಲಿ ಆ ಧ್ವನಿಮುದ್ರಿಕೆ ನಿರುಪದ್ರವಿಯಾದ ಬೇರೊಂದು ಹೆಸರು ಹೊತ್ತು ಮಾರುಕಟ್ಟೆಗೆ ಬಂತು.

1959ರ ಬೇಸಗೆಯ ಹೊತ್ತಿಗೆ ಟೆನರ್ ವಾದಕರಲ್ಲಿ ಆತನಿಗಿಂತ ದೊಡ್ಡ ಹೆಸರಿರಲಿಲ್ಲ. ಆಗ ಆತ ಕಛೇರಿಗಳನ್ನೆಲ್ಲ ನಿಲ್ಲಿಸಿಬಿಟ್ಟ. ಜನ ತನ್ನಿಂದ ನಿರೀಕ್ಷಿಸುವಷ್ಟನ್ನು ತಾನು ಕೊಡುತ್ತಿಲ್ಲವೆಂಬುದೇ ಕಾರಣ. ಮ್ಯಾನ್‌ಹಟನ್ನಿನ ಗ್ರ್ಯಾಂಡ್ ಬೀದಿಯ ಮನೆಯಲ್ಲಿ ಅಭ್ಯಾಸ ಮಾಡೋಣವೆಂದರೆ ನೆರೆಯಲ್ಲಿ ಗರ್ಭಿಣಿಯೊಬ್ಬಳಿದ್ದಳು. ಆಕೆಯ ನೆಮ್ಮದಿ ಕೆಡಿಸಲು ಮನಸ್ಸು ಬರಲಿಲ್ಲ. ಒಂದು ದಿನ ಸುತ್ತಾಡುತ್ತ ಹೋದವನಿಗೆ ಈಸ್ಟ್ ನದಿಯ ಮೇಲಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಕಾಲುದಾರಿ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ರೈಲಿನ ಗಡಗಡ, ವಾಹನಗಳ ಸದ್ದು, ಕೆಳಗೆ ದೋಣಿಗಳ ಕೂಗು. ಅಲ್ಲಿ ಎಷ್ಟು ಗಟ್ಟಿಯಾಗಿ ಊದಿದರೂ ಕೇಳುವವರಿಲ್ಲ. ಎರಡು ವರ್ಷಗಳಿಗೂ ಹೆಚ್ಚು ಕಾಲ, ನ್ಯೂಯಾರ್ಕಿನ ಚಳಿಗಾಲವನ್ನೂ ಲೆಕ್ಕಿಸದೆ, ಕೆಲವು ದಿನ ಹದಿನೈದು ಗಂಟೆಗಳವರೆಗೆ ಆತ ಅಲ್ಲಿ ನುಡಿಸಿದ. 1961ರಲ್ಲಿ ಪತ್ರಿಕೆಯೊಂದು ಈ ಗುಟ್ಟನ್ನು ಬೇರೆ ಹೆಸರುಗಳಿಟ್ಟು ಕಥೆಯಾಗಿ ಬರೆದಾಗಲೇ ಲೋಕಕ್ಕೆ ಸುಳಿವು ಸಿಕ್ಕಿದ್ದು.

ಈ ಅಜ್ಞಾತವಾಸದ ಬೆಲೆ ಸಣ್ಣದಾಗಿರಲಿಲ್ಲ. ಆತ ಸೇತುವೆಯ ಮೇಲಿದ್ದಾಗ ಜಾಝ್ ಮುಂದೆ ಸಾಗಿತ್ತು. 1959ರ ನವೆಂಬರಿನಲ್ಲಿ ಆರ್ನೆಟ್ ಕೋಲ್ಮನ್ ನ್ಯೂಯಾರ್ಕಿಗೆ ಬಂದು, ಸ್ವರಮೇಳಗಳ ಕಟ್ಟನ್ನೇ ಸಡಿಲಿಸಿದ್ದ. ಗೆಳೆಯ ಜಾನ್ ಕೋಲ್ಟ್ರೇನ್‌ನ ಕೀರ್ತಿ ದಿನದಿನಕ್ಕೆ ಏರುತ್ತಿತ್ತು. ಹೀಗಿರುವಾಗ 1961ರ ಕೊನೆಗೆ ರಾಲಿನ್ಸ್ ಹಿಂತಿರುಗಿದ. ಮರುವರ್ಷ ‘ದ ಬ್ರಿಜ್’ ಎಂಬ ಧ್ವನಿಮುದ್ರಿಕೆ ಬಂತು. ವಿಮರ್ಶಕರು ಕ್ರಾಂತಿಯೊಂದನ್ನು ನಿರೀಕ್ಷಿಸಿದ್ದರು. ಅವರಿಗೆ ಸಿಕ್ಕಿದ್ದು ಗಿಟಾರ್ ವಾದಕ ಜಿಮ್ ಹಾಲ್ ಜೊತೆಗಿನ ಶಾಂತವಾದ ಸಂವಾದ. ಇಷ್ಟಕ್ಕಾಗಿ ಎರಡು ವರ್ಷವೇ ಎಂದು ಹಲವರು ಕೇಳಿದರು.

ನನ್ನ ದೃಷ್ಟಿಯಲ್ಲಿ ಈ ಪ್ರಶ್ನೆಯೇ ರಾಲಿನ್ಸ್‌ನ ಜೀವನದ ತಿರುಳನ್ನು ಮುಟ್ಟುತ್ತದೆ. ಸಾಧನೆಯನ್ನು ನಾವು ಬಂಡವಾಳವೆಂದು ಎಣಿಸುತ್ತೇವೆ. ಇಷ್ಟು ಹಾಕಿದರೆ ಇಷ್ಟು ಬರಬೇಕು. ಪ್ರೇಕ್ಷಕರ ಮುಂದಿಡುವ ಹೊಸ ಸರಕಿಗಾಗಿ ಆತ ಹೋಗಿದ್ದರೆ ಬರಿಗೈಯಲ್ಲಿ ಬಂದನೆನ್ನಬಹುದಿತ್ತು. ಆದರೆ ಆತ ಹೋದದ್ದು ತನ್ನ ಉಸಿರು, ಬೆರಳು, ಕಿವಿಗಳ ಬಗೆಗೆ ತನಗಿದ್ದ ಅತೃಪ್ತಿಯನ್ನು ತೀರಿಸಿಕೊಳ್ಳಲು. ಅದು ಪೂರ್ತಿಯಾಗಿ ತೀರಲೂ ಇಲ್ಲ. 1960ರ ದಶಕದ ಕೊನೆಗೆ ಮತ್ತೆ ಎರಡು ವರ್ಷ ಕಛೇರಿಗಳಿಂದ ದೂರವಾದ. ಆ ವರ್ಷಗಳಲ್ಲಿಯೇ ನಮ್ಮ ದೇಶಕ್ಕೂ ಬಂದು, ಮುಂಬಯಿಯ ಪೊವಾಯಿಯಲ್ಲಿರುವ ಆಶ್ರಮದಲ್ಲಿ ಕೆಲವು ತಿಂಗಳಿದ್ದು ಯೋಗವನ್ನೂ ವೇದಾಂತವನ್ನೂ ಅಭ್ಯಾಸ ಮಾಡಿದ.

1972ರಲ್ಲಿ ಹೊಸ ಧ್ವನಿಮುದ್ರಿಕೆಯೊಡನೆ ಮರಳಿದ ಮೇಲೆ ಆತನ ಕಛೇರಿಗಳು ನಾಲ್ಕು ದಶಕಗಳ ಕಾಲ ನಡೆದವು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ ಆತನ ಮನೆ ಅಲ್ಲಿಂದ ಕೆಲವೇ ಬೀದಿಗಳಾಚೆ ಇತ್ತು. ಎಲ್ಲವನ್ನೂ ಬಿಟ್ಟು ಹೊರಟ ಎಪ್ಪತ್ತೊಂದರ ವೃದ್ಧ ಕೈಯಲ್ಲಿ ತಂದದ್ದು ಸ್ಯಾಕ್ಸೋಫೋನನ್ನು. ಹೆಂಡತಿ ಲೂಸಿಲ್ ಒತ್ತಾಯಿಸಿದ್ದರಿಂದ ನಾಲ್ಕು ದಿನಗಳ ಮೇಲೆ ಬಾಸ್ಟನ್ ನಗರದಲ್ಲಿ ಕಛೇರಿ ಕೊಟ್ಟ. ಅದರ ಧ್ವನಿಮುದ್ರಣ 2005ರಲ್ಲಿ ಪ್ರಕಟವಾಗಿದೆ. 2012ರ ಬಳಿಕ ಶ್ವಾಸಕೋಶದ ಕಾಯಿಲೆ ಆತನನ್ನು ವೇದಿಕೆಯಿಂದ ದೂರಮಾಡಿತು. ಹಿಂದೆ ಎರಡು ಸಲ ತಾನಾಗಿ ಒಪ್ಪಿಕೊಂಡ ಮೌನವನ್ನು ಈ ಸಲ ಉಸಿರೇ ವಿಧಿಸಿತು.

ಕೇಳುಗರೆ, ರಾಲಿನ್ಸ್‌ನ ಧ್ವನಿಮುದ್ರಿಕೆಗಳು ಹತ್ತಾರು ಇವೆ; ಆಸಕ್ತರು ‘ಸೇಂಟ್ ಥಾಮಸ್’ನಿಂದ ಆರಂಭಿಸಬಹುದು. ಅದರ ಕುಣಿತಕ್ಕೆ ಮನಸೋಲದವರು ಕಡಿಮೆ. ಆದರೆ ಸೇತುವೆಯ ಮೇಲೆ ನುಡಿಸಿದ ಸಾವಿರಾರು ಗಂಟೆಗಳ ಸಂಗೀತ ಯಾವ ಧ್ವನಿಮುದ್ರಿಕೆಯಲ್ಲಿಯೂ ಸಿಕ್ಕದು. ಅದನ್ನು ದಾರಿಹೋಕರು ಅಷ್ಟಿಷ್ಟು ಕೇಳಿರಬೇಕು. ಮಿಕ್ಕದ್ದು ನದಿಯ ಗಾಳಿಗೆ ಹೋಯಿತು. ಹಾಗೆ ಹೋಗಲೆಂದೇ ನುಡಿಸಿದ ಆ ಗಂಟೆಗಳನ್ನು ಆತ ಎಂದೂ ನಷ್ಟವೆಂದು ಲೆಕ್ಕ ಹಾಕಲಿಲ್ಲ. ಬರೆಯುವವರಿಗೂ ಹಾಡುವವರಿಗೂ ಆ ಲೆಕ್ಕದಲ್ಲಿ ಕಲಿಯುವುದಿದೆಯೆಂದು ನಾನು ಭಾವಿಸುತ್ತೇನೆ.