ಅಂಗನವಾಡಿಯಲ್ಲಿ ವಿಶೇಷ ಅಗತ್ಯದ ಮಗು: ಸಿಬ್ಬಂದಿಯ ಸಮನ್ವಯ ಮತ್ತು ಹೊಣೆ

(ಮೈಸೂರಿನ ಯಾದವಗಿರಿಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯರು, ಕಾರ್ಯಕರ್ತೆಯರು, ಆರೋಗ್ಯ ಸಿಬ್ಬಂದಿ ಹಾಗೂ ಪುನರ್ವಸತಿ ಕಾರ್ಯಕರ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ಸಭೆ ಸೇರಿರುವ ಯಾದವಗಿರಿಯಲ್ಲಿಯೇ ಮೈಸೂರು ಆಕಾಶವಾಣಿ ನಿಲಯವಿದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಆರಂಭಿಸಿದ ಪುಟ್ಟ ಬಾನುಲಿ ಕೇಂದ್ರವೇ ಅದರ ಮೂಲ. ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಒಂದು ಸಂಸ್ಥೆ ದನಿಯನ್ನು ಮನೆಮನೆಗೆ ಮುಟ್ಟಿಸುತ್ತದೆ. ಇನ್ನೊಂದು, ದನಿ ಮುಟ್ಟದ ಮಕ್ಕಳಿಗಾಗಿ ದುಡಿಯುತ್ತದೆ. ಇಂತಹ ಅನುಕೂಲವುಳ್ಳ ಜಿಲ್ಲೆಯಲ್ಲಿಯೂ ಮಗುವೊಂದರ ಶ್ರವಣದೋಷ ಮೂರು, ನಾಲ್ಕು ವರ್ಷದವರೆಗೆ ಯಾರ ದಾಖಲೆಗೂ ಬಾರದೆ ಹೋಗುವ ಸಾಧ್ಯತೆ ಇದ್ದೇ ಇದೆ. ಅದು ಹೇಗೆ ಸಂಭವಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಎರಡೂವರೆ ವರ್ಷದ ಒಂದು ಮಗುವನ್ನು ಊಹಿಸಿಕೊಳ್ಳಬಹುದು. ಕರೆದರೆ ತಿರುಗುವುದಿಲ್ಲ, ಮಾತು ಬಂದಿಲ್ಲ. 'ಇವನಪ್ಪನೂ ಮಾತು ಕಲಿತದ್ದು ತಡವಾಗಿಯೇ' ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಅಂಗನವಾಡಿ ಕಾರ್ಯಕರ್ತೆಗೆ ಸಂಶಯ ಬರುತ್ತದೆ. ಆಶಾ ಕಾರ್ಯಕರ್ತೆಗೆ ತಿಳಿಸುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ತಪಾಸಣೆ ನಡೆಸಿ ಚೀಟಿ ಬರೆದುಕೊಡುತ್ತದೆ. ಆ ಚೀಟಿ ಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ಸೇರುತ್ತದೆ. ಮೈಸೂರಿಗೆ ಹೋದರೆ ತಾಯಿಗೆ ಆ ದಿನದ ಕೂಲಿ ಇಲ್ಲ. ಆರು ತಿಂಗಳ ಬಳಿಕ ತಂಡ ಮತ್ತೆ ಬಂದು, ಮತ್ತೊಂದು ಚೀಟಿ ಬರೆಯುತ್ತದೆ. ಇಲ್ಲಿ ಯಾರೂ ಕರ್ತವ್ಯಲೋಪ ಎಸಗಿಲ್ಲ. ಪ್ರತಿಯೊಬ್ಬರ ವಹಿಯಲ್ಲಿಯೂ ಕೆಲಸ ಪೂರ್ಣಗೊಂಡಿದೆ. ಮಗುವಿಗೆ ಮಾತ್ರ ಒಂದು ವರ್ಷ ನಷ್ಟವಾಗಿದೆ.

ಕುಡಿಯುವ ನೀರಿನ ಕೊಳವೆ ಹೆಚ್ಚಾಗಿ ಸೋರುವುದು ನಡುವೆ ಅಲ್ಲ, ಜೋಡಣೆಯಲ್ಲಿ. ಇದು ಪಂಚಾಯಿತಿಯ ನೀರುಗಂಟಿಗಳೆಲ್ಲರಿಗೂ ಗೊತ್ತಿರುವ ಸಂಗತಿ. ಇಲಾಖೆಗಳ ವಿಷಯವೂ ಹಾಗೆಯೇ. 2013ರಲ್ಲಿ ಆರಂಭವಾದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ ತಪಾಸಣೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ದಿವ್ಯಾಂಗ ಮಕ್ಕಳಿಗಾಗಿಯೇ ಅಂಗನವಾಡಿ ಪ್ರೋಟೋಕಾಲನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರತಂದಿದೆ. ಕೊಳವೆಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಚೀಟಿ ಬರೆದ ಕೈಗೂ ಮಗುವನ್ನು ಬರಮಾಡಿಕೊಳ್ಳಬೇಕಾದ ಕೈಗೂ ನಡುವೆ.

ತಜ್ಞರು ಕೂಡಿ ದುಡಿಯುವ ಕ್ರಮ ಹೇಗಿರಬೇಕೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣತಜ್ಞರು, ವಾಕ್ ಚಿಕಿತ್ಸಕರು, ಮನಶ್ಶಾಸ್ತ್ರಜ್ಞರು, ಕಿವಿ-ಮೂಗು-ಗಂಟಲು ವೈದ್ಯರು ಹಾಗೂ ವಿಶೇಷ ಶಿಕ್ಷಕರು ಒಂದೇ ಆವರಣದಲ್ಲಿದ್ದಾರೆ. ಅಲ್ಲಿನ ಶಾಲಾಪೂರ್ವ ಕೇಂದ್ರದಲ್ಲಿ ತಾಯಂದಿರು ಹೊರಗಿನ ಜಗುಲಿಯಲ್ಲಿ ಕಾಯುವವರಲ್ಲ. ಮಗುವಿನೊಂದಿಗೆ ಒಳಗೆ ಕುಳಿತು ಕಲಿಸುವುದನ್ನು ಕಲಿಯುವವರು. ತಂಡದಲ್ಲಿ ತಾಯಿಗೂ ಒಂದು ಸ್ಥಾನವಿದೆ ಎಂಬುದು ಇದರ ಅರ್ಥ. ಸಂಸ್ಥೆಯು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಂತಹ ಗ್ರಾಮೀಣ ಸ್ಥಳಗಳಿಗೂ ತನ್ನ ಸೇವೆಯನ್ನು ವಿಸ್ತರಿಸಿದೆ. ಕೂಲಿಗೆ ಹೋಗುವ ತಾಯಿಗೆ ಮಾನಸಗಂಗೋತ್ರಿಗಿಂತ ಹತ್ತಿರದ ಕೇಂದ್ರವೊಂದಿದ್ದರೆ, ಅದರ ವಿಳಾಸ ಚೀಟಿಯ ಮೇಲೆಯೇ ಇರಬೇಕು.

ಶ್ರವಣದೋಷದ ವಿಷಯದಲ್ಲಿ ಕಾಲವೇ ಚಿಕಿತ್ಸೆಯ ಅರ್ಧ ಭಾಗ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿಯ ಆರಂಭ: ಇದು ತಜ್ಞರು ಒಪ್ಪಿರುವ ಗುರಿ. ಅದು ತಪ್ಪಿದ ಮಗು ಮೊದಲು ಕಣ್ಣಿಗೆ ಬೀಳಬಹುದಾದ ಸ್ಥಳ ಅಂಗನವಾಡಿ.

ಶ್ರವಣಯಂತ್ರ ದೊರೆತ ಮೇಲೆ ಕೆಲಸ ಮುಗಿಯಿತೆಂದು ತಿಳಿಯುವುದು ದೊಡ್ಡ ತಪ್ಪು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ. ಕಿವಿಯ ಅಚ್ಚು ಸಡಿಲವಾಗಿ ಯಂತ್ರ ಕೀರಲು ದನಿ ಮಾಡುತ್ತದೆ. ಮಗು ಅದನ್ನು ಕಿತ್ತೆಸೆಯುತ್ತದೆ. 'ಹಟಮಾರಿ' ಎಂಬ ಹೆಸರು ಬರುತ್ತದೆ. ಬ್ಯಾಟರಿ ಮುಗಿದಿರುವುದು ವಾರಗಟ್ಟಲೆ ಗಮನಕ್ಕೆ ಬಾರದಿರಬಹುದು. ಇದಕ್ಕೆ ಸರಳ ಪರೀಕ್ಷೆಯೊಂದಿದೆ. ಬೆಳಿಗ್ಗೆ ಮಗುವಿನ ಹಿಂದೆ ನಿಂತು, ತುಟಿ ಕಾಣದಂತೆ, ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಉಚ್ಚರಿಸುವುದು. ಕೇಳಿದಾಗಲೆಲ್ಲ ಮಗು ಒಂದು ಮಣಿಯನ್ನು ಡಬ್ಬಿಗೆ ಹಾಕುವುದು. ನಿನ್ನೆ ಕೇಳಿಸಿದ 'ಸ್' ಇಂದು ಕೇಳಿಸದಿದ್ದರೆ ಯಂತ್ರವನ್ನು ನೋಡಬೇಕು. ಎರಡೇ ನಿಮಿಷದ ಕೆಲಸ. ಆದರೆ ಶ್ರವಣತಜ್ಞರು ಇದನ್ನು ಕಾರ್ಯಕರ್ತೆಗೆ ತೋರಿಸಿಕೊಟ್ಟಿರಬೇಕು. ಕಾರ್ಯಕರ್ತೆ ಕಂಡದ್ದು ಶ್ರವಣತಜ್ಞರಿಗೆ ಹಿಂದಿರುಗಿ ತಲುಪಬೇಕು. ಇಂದು ಕಾಗದ ಮೇಲಕ್ಕೆ ಹೋಗುವಷ್ಟು ಸುಲಭವಾಗಿ ಉತ್ತರ ಕೆಳಕ್ಕೆ ಬರುವುದಿಲ್ಲ. ದಿನಕ್ಕೆ ಹಲವು ಗಂಟೆ ಮಗುವಿನೊಂದಿಗೆ ಇರುವವರಿಗೇ ವರದಿಯ ಪ್ರತಿ ಸಿಗದಿರುವುದು ವಿಚಿತ್ರ.

ಗ್ರಾಮ ಪಂಚಾಯಿತಿಯ ಪಾತ್ರ ಇಲ್ಲಿ ಸಣ್ಣದಲ್ಲ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಕೆಲಸ ಮಾಡುವುದು ಪಂಚಾಯಿತಿಯ ಮಟ್ಟದಲ್ಲಿಯೇ. ವಿಕಲಚೇತನರಿಗೆ ಮೀಸಲಾದ ಶೇಕಡ 5ರ ಅನುದಾನವನ್ನು ವರ್ಷಾಂತ್ಯದಲ್ಲಿ ಆತುರದಿಂದ ಖರ್ಚು ಮಾಡುವ ಬದಲು, ಇಂತಹ ಮಕ್ಕಳ ಅಗತ್ಯವನ್ನು ಏಪ್ರಿಲ್‌ನಲ್ಲಿಯೇ ಕ್ರಿಯಾಯೋಜನೆಗೆ ಸೇರಿಸಲು ಅವಕಾಶವಿದೆ. ಅಂಗನವಾಡಿ ಕಟ್ಟಡದ ವಿಷಯದಲ್ಲಿ ಇಳಿಜಾರು ದಾರಿಯ ಬಗ್ಗೆ ಮಾತ್ರ ಯೋಚಿಸುವುದು ರೂಢಿ. ಬರಿಗೋಡೆಯ, ತಗಡಿನ ಸೂರಿನ ಕೊಠಡಿಯಲ್ಲಿ ದನಿ ಮಾರ್ದನಿಸುತ್ತದೆ. ಯಂತ್ರ ಧರಿಸಿದ ಮಗುವಿಗೆ ಗದ್ದಲವಷ್ಟೇ ಕೇಳುತ್ತದೆ. ದಪ್ಪ ಜಮಖಾನ, ಕಿಟಕಿಗೆ ಪರದೆ, ಕಾರ್ಯಕರ್ತೆಯ ಮುಖದ ಮೇಲೆ ಬೆಳಕು ಬೀಳುವಂತಹ ಆಸನ ವ್ಯವಸ್ಥೆ: ಇವಿಷ್ಟಕ್ಕೆ ಅಂದಾಜುಪಟ್ಟಿಯೂ ಬೇಕಾಗದು. ಮೂರು ವರ್ಷದೊಳಗಿನ ಮಕ್ಕಳಿರುವ 'ಕೂಸಿನ ಮನೆ'ಗಳಲ್ಲಿಯೂ ಇದೇ ಎಚ್ಚರ ಅಗತ್ಯ.

ಈ ಸಭೆಯ ಮುಂದೆ ಇಡುವ ಸಲಹೆ ಒಂದೇ. ಪ್ರತಿ ಮಗುವಿಗೂ ಒಂದೇ ಹಾಳೆ. ಅದರ ಮೇಲ್ಭಾಗದಲ್ಲಿ ಹುದ್ದೆಯಲ್ಲ, ಒಬ್ಬ ವ್ಯಕ್ತಿಯ ಹೆಸರು. ಆ ವ್ಯಕ್ತಿ ಪುನರ್ವಸತಿ ಕಾರ್ಯಕರ್ತರಾಗಿರಲಿ, ಆಶಾ ಆಗಿರಲಿ, ಮಗು ತಜ್ಞರ ಬಳಿಗೆ ತಲುಪಿತೇ ಎಂದು ವಿಚಾರಿಸುವ ಹೊಣೆ ಅವರದು. ತಿಂಗಳಿಗೊಮ್ಮೆ ಎಲ್ಲರೂ ಅಂಗನವಾಡಿಯಲ್ಲಿಯೇ, ತಾಯಿಯ ಸಮ್ಮುಖದಲ್ಲಿ, ಆ ಹಾಳೆಯನ್ನು ಓದಬೇಕು. ತಾಯಿಯ ಒಪ್ಪಿಗೆಯಿಲ್ಲದೆ ಅದನ್ನು ಬೇರೆಯವರಿಗೆ ತೋರಿಸಕೂಡದು. ಮಗು ಒಂದನೇ ತರಗತಿಗೆ ಸೇರುವ ಮುನ್ನ, ಮಾರ್ಚ್ ತಿಂಗಳಲ್ಲಿ, ಶಿಕ್ಷಣ ಇಲಾಖೆಯ ಬಿ.ಐ.ಇ.ಆರ್.ಟಿ. ಶಿಕ್ಷಕರು ಅಂಗನವಾಡಿಗೆ ಬಂದು ಮಗುವನ್ನು ನೋಡಬೇಕು. ಜೂನ್‌ನಲ್ಲಿ ಶಾಲೆಯ ಬಾಗಿಲಿಗೆ ಹೋಗುವಾಗ ಮಗುವಿನ ಜೊತೆ ಆ ಹಾಳೆಯೂ ಹೋಗಬೇಕು.