ಅರ್ಪಣೆಯ ಪುಟದಲ್ಲಿ ಸಿಕ್ಕ ವಂಶಾವಳಿ

(ಮಹಿಳಾ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಿಮ್ಮ ಮನೆತನದ ಚರಿತ್ರೆ ಬರೆಯಿರಿ ಎಂದರೆ ನೀವು ಏನನ್ನು ಹುಡುಕುತ್ತೀರಿ? ಅಜ್ಜನ ಹೆಸರು, ಅವರ ತಂದೆಯ ಹೆಸರು, ಜಮೀನಿನ ಕಾಗದ, ವಕ್ಫ್ ಪತ್ರ. ಅಜ್ಜಿಗೆ ಅಕ್ಷರ ಕಲಿಸಿದವರು ಯಾರು ಎಂಬುದು ಆ ಕಾಗದಗಳಲ್ಲಿ ಇರುವುದಿಲ್ಲ. ಹಾಗಾದರೆ ಅದನ್ನು ಎಲ್ಲಿ ಹುಡುಕಬೇಕು? ಬಂಗಾಳದ ಒಂದು ಮನೆತನದ ಕಥೆ ಹೇಳುತ್ತೇನೆ, ಕೇಳಿ.

ರೊಕೆಯಾ ಸಖಾವತ್ ಹುಸೇನ್ ಅವರ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಹೆಣ್ಣುಮಕ್ಕಳ ವಿದ್ಯೆಗಾಗಿ ದುಡಿದ ಲೇಖಕಿ. 1905ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್' ಮೊದಲು ಅಚ್ಚಾದದ್ದು ನಮ್ಮ ದಕ್ಷಿಣದ ಮದರಾಸಿನ ಪತ್ರಿಕೆಯೊಂದರಲ್ಲಿ. ಹುಟ್ಟಿದ್ದು 1880ರಲ್ಲಿ, ಇಂದಿನ ಬಾಂಗ್ಲಾದೇಶದ ರಂಗಪುರದ ಪೈರಾಬಂದ್ ಎಂಬ ಹಳ್ಳಿಯಲ್ಲಿ. ತಂದೆ ಜಹೀರುದ್ದೀನ್ ಸಾಬೇರ್ ಜಮೀನ್ದಾರರು, ಹಲವು ಭಾಷೆ ಬಲ್ಲವರು. ಗಂಡುಮಕ್ಕಳನ್ನು ಕಲ್ಕತ್ತೆಯ ಕಾಲೇಜಿಗೆ ಕಳುಹಿಸಿದರು. ಹೆಣ್ಣುಮಕ್ಕಳಿಗೆ ಮಾತ್ರ ಬಂಗಾಳಿಯೂ ಇಲ್ಲ, ಇಂಗ್ಲಿಷೂ ಇಲ್ಲ. ಹೊರಗಿನ ಹೆಂಗಸರ ಎದುರಿಗೂ ಪರ್ದಾ ಇದ್ದ ಮನೆ ಅದು.

ಈಗ ರೊಕೆಯಾ ಅವರ ಪುಸ್ತಕಗಳ ಅರ್ಪಣೆಯ ಪುಟ ತೆರೆಯಿರಿ. 1922ರ 'ಮೋತಿಚೂರ್' ಎರಡನೆಯ ಭಾಗ ಅಕ್ಕ ಕರೀಮುನ್ನಿಸಾಗೆ. 1924ರ 'ಪದ್ಮರಾಗ್' ಕಾದಂಬರಿ ಅಣ್ಣ ಇಬ್ರಾಹೀಂ ಸಾಬೇರ್‌ಗೆ. ಬಂಗಾಳಿ ಅಕ್ಷರ ಕೊಟ್ಟವಳು ಅಕ್ಕ, ಇಂಗ್ಲಿಷ್ ಕೊಟ್ಟವನು ಅಣ್ಣ. ಮನೆಯವರೆಲ್ಲ ಮಲಗಿದ ಮೇಲೆ ದೀಪದ ಬೆಳಕಿನಲ್ಲಿ ಅಣ್ಣ ಪಾಠ ಹೇಳುತ್ತಿದ್ದರಂತೆ. ಮನೆತನದ ನಿಜವಾದ ದಾಖಲೆ ಈ ಎರಡು ಪುಟಗಳೇ ಎನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಅಕ್ಕನಿಗೆ ಕಲಿಸಿದವರು ಯಾರು? ಯಾರೂ ಇಲ್ಲ! 1855ರಲ್ಲಿ ಹುಟ್ಟಿದ ಕರೀಮುನ್ನಿಸಾ ತಮ್ಮಂದಿರು ಓದುವುದನ್ನು ಕೇಳಿಸಿಕೊಂಡು, ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಅಕ್ಷರ ಗೀಚಿ ತಾನೇ ಕಲಿತ ಹುಡುಗಿ. ಒಂದು ದಿನ ಬಂಗಾಳಿ ಪುಸ್ತಕದೊಂದಿಗೆ ತಂದೆಯ ಕಣ್ಣಿಗೆ ಬಿದ್ದಳು. ತಂದೆ ಗದರಲಿಲ್ಲ, ಕಲಿಸಲು ಮನಸ್ಸೂ ಮಾಡಿದರು. ಗದ್ದಲ ಎಬ್ಬಿಸಿದ್ದು ನೆಂಟರಿಷ್ಟರು. ಓದು ಅಲ್ಲಿಗೇ ನಿಂತಿತು, ಎಳೆಯ ವಯಸ್ಸಿನಲ್ಲೇ ಮದುವೆಯಾಯಿತು. ಇಂಥ ನೆಂಟರು ಬಂಗಾಳದಲ್ಲಿ ಮಾತ್ರ ಇದ್ದರೆಂದು ನೀವೂ ಹೇಳಲಾರಿರಿ, ನಾನೂ ಹೇಳಲಾರೆ.

ಟಾಂಗೈಲ್ ಕಡೆಯ ದೇಲ್ದುವಾರ್ ಜಮೀನ್ದಾರಿ ಮನೆಗೆ ಸೊಸೆಯಾಗಿ ಹೋದ ಕರೀಮುನ್ನಿಸಾ ಬೇಗನೆ ವಿಧವೆಯಾದರು. ಇಬ್ಬರು ಗಂಡುಮಕ್ಕಳನ್ನು ಓದಿಸಿದರು. ಅಬ್ದುಲ್ ಕರೀಂ ಗಜ್ನವಿ, ಅಬ್ದುಲ್ ಹಲೀಂ ಗಜ್ನವಿ ಇಬ್ಬರೂ ಬಂಗಾಳದ ರಾಜಕಾರಣದಲ್ಲಿ ದೊಡ್ಡ ಹೆಸರು. ತಾಯಿಯೋ ಕವಿತೆ ಬರೆದರು, 1886ರಲ್ಲಿ ಹೊರಟ 'ಅಹ್ಮದಿ' ಪತ್ರಿಕೆಗೆ ಆಸರೆಯಾದರು, ಮುಪ್ಪಿನಲ್ಲಿ ಅರಬ್ಬಿ ಕಲಿಯಲು ಕುಳಿತರು. 1926ರಲ್ಲಿ ತೀರಿಕೊಂಡರು. ಆಕೆಯ ಬಾಲ್ಯದ ವಿಷಯ ನಮಗೆ ತಿಳಿದಿರುವುದು ಮುಖ್ಯವಾಗಿ ತಂಗಿ ಬರೆದಿಟ್ಟದ್ದರಿಂದ. ತಂಗಿಗೆ ಬರೆಯಲು ಬಾರದಿದ್ದರೆ ಅಕ್ಕನ ಹೆಸರು ಮಕ್ಕಳ ಬಿರುದುಗಳ ಹಿಂದೆ ಅಡಗಿಯೇ ಹೋಗುತ್ತಿತ್ತು.

ರೊಕೆಯಾ ಅವರಿಗೆ ಹುಟ್ಟಿದ ಎರಡು ಹೆಣ್ಣುಕೂಸುಗಳು ಉಳಿಯಲಿಲ್ಲ. 1909ರಲ್ಲಿ ಪತಿ ಸಖಾವತ್ ಹುಸೇನ್ ತೀರಿಕೊಂಡರು. ಹೆಂಡತಿಯ ಓದಿಗೆ ಒತ್ತಾಸೆಯಾಗಿದ್ದ ಅವರು ಹೆಣ್ಣುಮಕ್ಕಳ ಶಾಲೆಗೆಂದು 10,000 ರೂಪಾಯಿ ತೆಗೆದಿಟ್ಟಿದ್ದರು. ಭಾಗಲ್ಪುರದಲ್ಲಿ ಶಾಲೆ ಶುರುವಾಯಿತು. ಆಸ್ತಿಯ ಜಗಳದಿಂದಾಗಿ ರೊಕೆಯಾ ಆ ಊರನ್ನೇ ಬಿಡಬೇಕಾಯಿತು. 1911ರ ಮಾರ್ಚ್ 16ರಂದು ಕಲ್ಕತ್ತೆಯ ವಲಿಉಲ್ಲಾ ಗಲ್ಲಿಯಲ್ಲಿ ಎಂಟು ಹುಡುಗಿಯರೊಂದಿಗೆ ಮತ್ತೆ ತೆರೆದರು. ಮನೆಮನೆಗೆ ಹೋಗಿ ಹೆತ್ತವರನ್ನು ಬೇಡಿ ಕರೆತಂದ ಮಕ್ಕಳು.

ಜಮೀನಿನ ಕಾಗದ ಹಿಡಿದು ಹುಡುಕುವವರಿಗೆ ಈ ಕೊಂಬೆ ಇಲ್ಲಿಗೇ ಮುಗಿಯಿತು. ಶಾಲೆ ಮಾತ್ರ ಕೋಲ್ಕತ್ತೆಯ ಲಾರ್ಡ್ ಸಿನ್ಹಾ ರಸ್ತೆಯಲ್ಲಿ ಈಗಲೂ ನಡೆಯುತ್ತಿದೆ, ಸರಕಾರಿ ಹೆಣ್ಣುಮಕ್ಕಳ ಶಾಲೆಯಾಗಿ. ಅದಕ್ಕೆ ರೊಕೆಯಾ ಇಟ್ಟದ್ದು ಗಂಡನ ಹೆಸರು.